ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದೇ? ಬೀಗ ಹಾಕಿದ ಬ್ಯಾಕಪ್ ಬಗ್ಗೆ ಐದು ತಪ್ಪು ತಿಳಿವಳಿಕೆಗಳು

"ಫೋಟೋಗಳೆಲ್ಲ ಕ್ಲೌಡ್‌ನಲ್ಲಿವೆ, ಚಿಂತೆ ಬೇಡ." "ಪಾಸ್‌ವರ್ಡನ್ನು ಯಾವ ಕಾರಣಕ್ಕೂ ಕಾಗದದ ಮೇಲೆ ಬರೆಯಬೇಡಿ." "ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡುವವರು ಹ್ಯಾಕರ್‌ಗಳು." ಈ ಥರದ ಮಾತುಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತವೆ. ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಇವುಗಳಲ್ಲಿ ಅರ್ಧ ನಿಜ ಇದೆ. ಅದಕ್ಕೇ ಇವು ಅಪಾಯಕಾರಿ.

ನಮ್ಮ ಬಳಗದ ಒಬ್ಬರ ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಅವರ ತಂದೆ ಬಹಳ ಶಿಸ್ತಿನವರು. ಮಕ್ಕಳ ಬಾಲ್ಯದ ಫೋಟೋಗಳು, ಜಮೀನಿನ ಪತ್ರಗಳ ಸ್ಕ್ಯಾನ್, ತೀರಿಹೋದ ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್, ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ, ಅದಕ್ಕೆ ಪಾಸ್‌ವರ್ಡ್‌ನ ಬೀಗ ಜಡಿದಿದ್ದರು. ಪಾಸ್‌ವರ್ಡನ್ನು ಎಲ್ಲೂ ಬರೆಯಬಾರದು ಎಂಬುದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಒಂದು ದಿನ ಹೃದಯಾಘಾತವಾಗಿ ತೀರಿಕೊಂಡರು. ಡಿಸ್ಕ್ ಈಗಲೂ ಬೀರುವಿನಲ್ಲಿದೆ. ಕೆಟ್ಟಿಲ್ಲ. ರಿಪೇರಿ ಅಂಗಡಿಯವರು ನೋಡಿ, "ಡಿಸ್ಕ್ ಚೆನ್ನಾಗಿದೆ ಸಾರ್, ಆದರೆ ಇದರ ಬೀಗ ನಮ್ಮಿಂದ ತೆಗೆಯೋಕಾಗಲ್ಲ" ಎಂದು ವಾಪಸ್ ಕೊಟ್ಟರು. ಅಂಗಡಿಯವರು ಹೇಳಿದ್ದು ಸರಿ. ಪಾಸ್‌ವರ್ಡ್ ಇಲ್ಲದೆ ಇಂಥ ಬೀಗವನ್ನು ತೆಗೆಯುವುದು ಬಹಳ ಕಷ್ಟ.

ಕಳ್ಳನಿಗೆ ಸಿಗಬಾರದು, ಮನೆಯವರಿಗೆ ಸಿಗಬೇಕು. ಬ್ಯಾಕಪ್‌ನ ನಿಜವಾದ ಸವಾಲು ಇದೇ. ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: ಕ್ಲೌಡ್‌ನಲ್ಲಿದ್ದರೆ ಬ್ಯಾಕಪ್ ಆದ ಹಾಗೆ

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಒಂದು ಸಿಂಕ್, ಇನ್ನೊಂದು ಬ್ಯಾಕಪ್.

ಸಿಂಕ್ ಎಂದರೆ ಕನ್ನಡಿ. ಈ ಕಡೆ ಏನು ಮಾಡಿದರೂ ಆ ಕಡೆ ಹಾಗೇ ಕಾಣುತ್ತದೆ. ಫೋನಿನ ಗೂಗಲ್ ಫೋಟೋಸ್ ಆಪ್‌ನಲ್ಲಿ ಒಂದು ಫೋಟೋ ಅಳಿಸಿದರೆ ಅದು ಕ್ಲೌಡ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಫೋಟೋ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಇಲ್ಲ. ಮಗು ಫೋನ್ ಹಿಡಿದು ಆಡುತ್ತಾ ನೂರು ಫೋಟೋ ಅಳಿಸಿದ್ದು ನಿಮಗೆ ಮೂರು ತಿಂಗಳ ನಂತರ ಗೊತ್ತಾದರೆ ಕನ್ನಡಿ ಸಹಾಯಕ್ಕೆ ಬರುವುದಿಲ್ಲ.

ಬ್ಯಾಕಪ್ ಎಂದರೆ ದಿನಚರಿ. ನಿನ್ನೆಯ ಪುಟ ನಿನ್ನೆಯದ್ದಾಗಿಯೇ ಉಳಿಯುತ್ತದೆ. ಇವತ್ತು ಏನೇ ಎಡವಟ್ಟು ಮಾಡಿದರೂ ಕಳೆದ ತಿಂಗಳ ಪುಟ ತಿರುವಿ ಹಾಕಬಹುದು.

ಇನ್ನೂ ಒಂದು ವಿಷಯ: ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸಬಹುದು ಎಂಬ ನಿಯಮ 2023ರಲ್ಲಿ ಬಂದಿದೆ. ತೀರಿಹೋದವರ ಖಾತೆಯಲ್ಲಿ ಅವರ ಫೋಟೋಗಳಿದ್ದರೆ ಇದು ನಿಮಗೆ ಬಹಳ ಮುಖ್ಯ.

ತಪ್ಪು ತಿಳಿವಳಿಕೆ 2: ಒಂದು ಕಾಪಿ ಎಲ್ಲೋ ಇದೆ, ಅಷ್ಟು ಸಾಕು

ದೊಡ್ಡ ದೊಡ್ಡ ಕಂಪನಿಗಳೂ ಹೀಗೇ ಅಂದುಕೊಂಡು ಕೆಟ್ಟಿವೆ.

1998ರಲ್ಲಿ ಪಿಕ್ಸಾರ್ ಸ್ಟುಡಿಯೋ 'ಟಾಯ್ ಸ್ಟೋರಿ 2' ತಯಾರಿಸುತ್ತಿತ್ತು. ಯಾರೋ ತಪ್ಪು ಜಾಗದಲ್ಲಿ ಅಳಿಸುವ ಕಮಾಂಡ್ ಕೊಟ್ಟರು. ಸಿನಿಮಾದ ಫೈಲುಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ಹೋಗಿ ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ಕೊನೆಗೆ ಸಿನಿಮಾ ಉಳಿದದ್ದು ಗ್ಯಾಲಿನ್ ಸಸ್ಮನ್ ಅವರಿಂದ. ಆಗಷ್ಟೇ ತಾಯಿಯಾಗಿದ್ದ ಅವರು ಮನೆಯಿಂದ ಕೆಲಸ ಮಾಡಲು ಒಂದು ಕಾಪಿ ಇಟ್ಟುಕೊಂಡಿದ್ದರು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ಒಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಡೇಟಾಬೇಸ್ ಅಳಿಸಿಬಿಟ್ಟರು. ಅವರಲ್ಲಿ ಬ್ಯಾಕಪ್ ಮತ್ತು ಕಾಪಿಗೆ ಐದು ವ್ಯವಸ್ಥೆಗಳಿದ್ದವು. ಒಂದೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಯಾರೋ ಬೇರೆ ಕೆಲಸಕ್ಕೆ ತೆಗೆದಿದ್ದ ಕಾಪಿಯಿಂದ ಬಹುಪಾಲು ವಾಪಸ್ ಬಂತು. ಕಂಪನಿ ಈ ತಪ್ಪನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಿಕೊಂಡಿತು.

ಎರಡು ಕಥೆಯಿಂದಲೂ ಸಿಗುವ ಪಾಠ ಒಂದೇ. ಬ್ಯಾಕಪ್ ಇದೆ ಎಂದು ನಂಬಿದರೆ ಆಗದು, ತೆಗೆದು ನೋಡಬೇಕು. ಇದಕ್ಕೆ ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸರಳ ಲೆಕ್ಕ ಇದೆ: ಒಟ್ಟು 3 ಕಾಪಿ, 2 ಬಗೆಯ ಸಾಧನದಲ್ಲಿ, 1 ಕಾಪಿ ಮನೆಯಿಂದ ಹೊರಗೆ. ಫೋನ್, ಹಾರ್ಡ್ ಡಿಸ್ಕ್ ಎರಡೂ ಒಂದೇ ಬ್ಯಾಗಿನಲ್ಲಿದ್ದು ಬ್ಯಾಗೇ ಬಸ್ಸಿನಲ್ಲಿ ಕಳೆದುಹೋದರೆ ಎರಡು ಕಾಪಿ ಇದ್ದೂ ಇಲ್ಲದ ಹಾಗೆ.

ತಪ್ಪು ತಿಳಿವಳಿಕೆ 3: ವಾಟ್ಸಾಪ್ ಎನ್‌ಕ್ರಿಪ್ಟೆಡ್, ಆದ್ದರಿಂದ ಅದರ ಬ್ಯಾಕಪ್ ಕೂಡ ಎನ್‌ಕ್ರಿಪ್ಟೆಡ್

ಮೆಸೇಜ್ ನಿಮ್ಮ ಫೋನಿನಿಂದ ಅವರ ಫೋನಿಗೆ ಹೋಗುವಾಗ ಬೀಗ ಇರುತ್ತದೆ, ಅದು ನಿಜ. ಆದರೆ ಚಾಟ್‌ಗಳ ಬ್ಯಾಕಪ್ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋದಾಗ ಆ ಬೀಗ ತಾನಾಗಿ ಜೊತೆಗೆ ಹೋಗುವುದಿಲ್ಲ. ಬ್ಯಾಕಪ್‌ಗೂ ಅದೇ ಮಟ್ಟದ ಬೀಗ ಹಾಕುವ ಸೌಲಭ್ಯವನ್ನು ವಾಟ್ಸಾಪ್ 2021ರಲ್ಲಿ ಕೊಟ್ಟಿತು. ಅದನ್ನು ಬೇಕೆಂದವರು ಸೆಟ್ಟಿಂಗ್ಸ್‌ಗೆ ಹೋಗಿ, ಚಾಟ್ಸ್, ಚಾಟ್ ಬ್ಯಾಕಪ್ ಒತ್ತಿ, ತಾವೇ ಆನ್ ಮಾಡಿಕೊಳ್ಳಬೇಕು.

ಆನ್ ಮಾಡುವಾಗ ಒಂದು ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿಯನ್ನು ಆರಿಸಿಕೊಳ್ಳಬಹುದು. ಹಳೇ ಫೋನೂ ಕಳೆದು ಕೀಲಿಯೂ ಕಳೆದರೆ ವಾಟ್ಸಾಪ್‌ನವರೂ ತೆಗೆದುಕೊಡಲಾರರು. ಈ ಕೀಲಿಯ ವಿಷಯಕ್ಕೆ ಮತ್ತೆ ಬರುತ್ತೇವೆ.

ತಪ್ಪು ತಿಳಿವಳಿಕೆ 4: ಕಪ್ಪು ಪರದೆ, ಕಮಾಂಡ್ ಅಂದರೆ ಹ್ಯಾಕಿಂಗ್

ಸಿನಿಮಾಗಳು ಕೊಟ್ಟ ಭಯ ಇದು. ಕಮಾಂಡ್ ಲೈನ್ ಎಂದರೆ ಬಟನ್ ಒತ್ತುವ ಬದಲು ಕಂಪ್ಯೂಟರ್‌ಗೆ ಬರಹದಲ್ಲಿ ಕೆಲಸ ಹೇಳುವುದು, ಅಷ್ಟೇ. ಹೋಟೆಲಿನಲ್ಲಿ ಮೆನು ಕಾರ್ಡ್ ನೋಡಿ ಬೆರಳು ತೋರಿಸುವ ಬದಲು "ಒಂದು ಮಸಾಲೆ, ಎಣ್ಣೆ ಕಮ್ಮಿ" ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಒಮ್ಮೆ ಬರೆದಿಟ್ಟ ಕಮಾಂಡನ್ನು ದಿನಾ ರಾತ್ರಿ ತಾನಾಗಿ ಓಡುವಂತೆ ಇಡಬಹುದು. ಬ್ಯಾಕಪ್‌ಗೆ ಇದು ಹೇಳಿ ಮಾಡಿಸಿದಂತಿದೆ. ಏಕೆಂದರೆ ನೆನಪಿಟ್ಟುಕೊಂಡು ಮಾಡುವ ಬ್ಯಾಕಪ್ ಎರಡು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಈ ಬಗೆಯ ಉಪಕರಣಗಳಲ್ಲಿ ರೆಸ್ಟಿಕ್ ಒಂದು. ಉಚಿತ, ಅದರ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬೋರ್ಗ್, ಟಾರ್‌ಸ್ನ್ಯಾಪ್ ಎಂಬ ಇನ್ನಿತರ ಉಪಕರಣಗಳೂ ಇವೆ. ಒಳಗಿನ ಉಪಾಯ ಹೆಚ್ಚು ಕಡಿಮೆ ಒಂದೇ ಆದ್ದರಿಂದ ನಾವು ರೆಸ್ಟಿಕ್ಕನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ.

ಮೊದಲು ಅದು ಫೈಲುಗಳನ್ನು ತುಂಡು ಮಾಡುತ್ತದೆ. ಒಂದೊಂದು ತುಂಡು ಸರಾಸರಿ 1 ಎಂಬಿ, ಕನಿಷ್ಠ ಅರ್ಧ ಎಂಬಿ, ಗರಿಷ್ಠ 8 ಎಂಬಿ. ಅಳತೆಕೋಲು ಇಟ್ಟು ಸಮನಾಗಿ ಕತ್ತರಿಸುವುದಿಲ್ಲ, ಕಬ್ಬಿನ ಜಲ್ಲೆಯನ್ನು ಗೆಣ್ಣು ನೋಡಿ ಕತ್ತರಿಸುವಂತೆ ಫೈಲಿನ ಒಳಗಿನ ಮಾಹಿತಿ ನೋಡಿಯೇ ಕತ್ತರಿಸುತ್ತದೆ. ಇದರಿಂದ ಏನು ಲಾಭ? ಫೈಲಿನ ಮೊದಲಿಗೆ ನೀವು ಎರಡು ಸಾಲು ಸೇರಿಸಿದಿರಿ ಎನ್ನಿ. ಅಳತೆಕೋಲಿನ ಲೆಕ್ಕದಲ್ಲಿ ಎಲ್ಲ ತುಂಡುಗಳೂ ಪಕ್ಕಕ್ಕೆ ಸರಿದು ಬೇರೆಯೇ ಆಗಿಬಿಡುತ್ತವೆ. ಗೆಣ್ಣಿನ ಲೆಕ್ಕದಲ್ಲಿ ಮೊದಲ ತುಂಡು ಮಾತ್ರ ಬದಲಾಗುತ್ತದೆ, ಉಳಿದ ಗೆಣ್ಣುಗಳು ಇದ್ದಲ್ಲೇ ಇರುತ್ತವೆ.

ಆಮೇಲೆ ಪ್ರತಿ ತುಂಡಿಗೂ ಒಂದು ಬೆರಳಚ್ಚು ತೆಗೆಯುತ್ತದೆ. ಎಸ್‌ಎಚ್‌ಎ-256 ಎಂಬ ಗಣಿತದ ವಿಧಾನ ಇದು. ಒಂದೇ ಬೆರಳಚ್ಚಿನ ತುಂಡು ಮೊದಲೇ ಜಮೆಯಾಗಿದ್ದರೆ ಮತ್ತೆ ಕಳಿಸುವುದಿಲ್ಲ. ಅದೇ ಮದುವೆ ವಿಡಿಯೋ ಮೂರು ಫೋಲ್ಡರ್‌ನಲ್ಲಿದ್ದರೂ ಬ್ಯಾಕಪ್‌ನಲ್ಲಿ ಜಾಗ ಹಿಡಿಯುವುದು ಒಂದರಷ್ಟೇ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಬಳಿ 40 ಜಿಬಿ ಫೋಟೋ ಇದೆ, ಮನೆಯ ಇಂಟರ್ನೆಟ್ ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಅಪ್‌ಲೋಡ್ ಮಾಡುತ್ತದೆ ಎನ್ನಿ. ಮೊದಲ ಬ್ಯಾಕಪ್‌ಗೆ ಸುಮಾರು 9 ಗಂಟೆ ಬೇಕು. ಮಾರನೇ ದಿನ ಹೊಸದಾಗಿ ಸೇರಿದ್ದು 200 ಎಂಬಿ ಆದರೆ ಮೂರು ನಿಮಿಷದೊಳಗೆ ಮುಗಿಯುತ್ತದೆ. ಆದರೂ ಪ್ರತಿ ದಿನದ ಬ್ಯಾಕಪ್ ಪೂರ್ಣವಾಗಿಯೇ ಕಾಣುತ್ತದೆ. ಹಿಂದಿನ ಯಾವ ದಿನಕ್ಕೆ ಬೇಕಾದರೂ ಹೋಗಿ ಅಂದಿನ ಫೈಲನ್ನು ಎತ್ತಿಕೊಳ್ಳಬಹುದು.

ಕೊನೆಗೆ ಬೀಗ. ಪ್ರತಿ ತುಂಡೂ ನಿಮ್ಮ ಕಂಪ್ಯೂಟರ್ ಬಿಡುವ ಮೊದಲೇ ಎಇಎಸ್-256 ವಿಧಾನದಲ್ಲಿ ಗುಪ್ತಲಿಪಿಯಾಗುತ್ತದೆ. ಬೆಲ್ಜಿಯಂನ ಇಬ್ಬರು ವಿಜ್ಞಾನಿಗಳು ರೂಪಿಸಿದ ಈ ವಿಧಾನವನ್ನು ಅಮೆರಿಕ ಸರ್ಕಾರ 2001ರಲ್ಲಿ ತನ್ನ ಪ್ರಮಾಣಿತ ವಿಧಾನವಾಗಿ ಒಪ್ಪಿಕೊಂಡಿತು. ಇದರಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆ ಬರೆದರೆ 78 ಅಂಕಿ ಬೇಕಾಗುತ್ತದೆ. ಒಂದೊಂದೇ ಕೀಲಿ ಹಾಕಿ ನೋಡುತ್ತೇನೆ ಎನ್ನುವುದು ಆಗದ ಹೋಗದ ಮಾತು. ಜೊತೆಗೆ ಪ್ರತಿ ತುಂಡಿನ ಮೇಲೂ ಹಳೇ ಕಾಲದ ಲಕೋಟೆಯ ಅರಗಿನ ಮುದ್ರೆಯಂಥ ಒಂದು ಗುರುತು ಇರುತ್ತದೆ. ನಡುವೆ ಯಾರಾದರೂ ಒಂದು ಅಕ್ಷರ ತಿದ್ದಿದರೂ ತೆಗೆಯುವಾಗ ಸಿಕ್ಕಿಬೀಳುತ್ತದೆ.

ಬಳಸುವುದು ಕಷ್ಟವೇ? ದಿನದ ಕೆಲಸಕ್ಕೆ ಬೇಕಾದ ಪದಗಳು ಬೆರಳೆಣಿಕೆಯಷ್ಟು. ಇವನ್ನು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. 'ರೆಸ್ಟಿಕ್ ಇನಿಟ್' ಎಂದರೆ ಹೊಸ ಉಗ್ರಾಣ ತೆರೆ. 'ರೆಸ್ಟಿಕ್ ಬ್ಯಾಕಪ್' ಎಂದು ಫೋಲ್ಡರ್ ಹೆಸರು ಕೊಟ್ಟರೆ ಜಮೆ ಮಾಡು. 'ಸ್ನ್ಯಾಪ್‌ಶಾಟ್ಸ್' ಎಂದರೆ ಯಾವ ಯಾವ ದಿನದ ಬ್ಯಾಕಪ್ ಇದೆ ತೋರಿಸು. 'ಚೆಕ್' ಎಂದರೆ ಎಲ್ಲ ಸರಿ ಇದೆಯೇ ಪರೀಕ್ಷಿಸು. 'ರಿಸ್ಟೋರ್' ಎಂದರೆ ವಾಪಸ್ ಕೊಡು. ಉಗ್ರಾಣ ಹಾರ್ಡ್ ಡಿಸ್ಕ್‌ನಲ್ಲಿರಬಹುದು, ಬಾಡಿಗೆಯ ಕ್ಲೌಡ್ ಜಾಗದಲ್ಲಿರಬಹುದು, ಎರಡೂ ಕಡೆ ಇರಬಹುದು. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದು ಹಾಗೆಯೇ.

ಆದರೆ ಇಲ್ಲೊಂದು ಎಚ್ಚರಿಕೆ ಇದೆ. "ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ" ಎನ್ನುವ ನಕಲಿ ಪುಟಗಳು ಈಚಿನ ವರ್ಷಗಳಲ್ಲಿ ಬಹಳ ಹರಡಿವೆ. ಭದ್ರತಾ ತಜ್ಞರು ಇದನ್ನು ಕ್ಲಿಕ್‌ಫಿಕ್ಸ್ ಎನ್ನುತ್ತಾರೆ. ನೀವು ಪೇಸ್ಟ್ ಮಾಡುವುದು ಮಾಹಿತಿ ಕದಿಯುವ ಕಮಾಂಡ್. ಕಪ್ಪು ಪರದೆ ಕೆಟ್ಟದ್ದಲ್ಲ, ಗೊತ್ತಿಲ್ಲದವರು ಕೊಟ್ಟ ಕಮಾಂಡನ್ನು ಅರ್ಥವಾಗದೆ ಅಲ್ಲಿ ಹಾಕುವುದು ಕೆಟ್ಟದ್ದು. ಫಾರ್ವರ್ಡ್‌ನಲ್ಲಿ ಬಂದ ಕಮಾಂಡನ್ನು ಎಂದಿಗೂ ಪೇಸ್ಟ್ ಮಾಡಬೇಡಿ. ರೆಸ್ಟಿಕ್ ಬೇಕಿದ್ದರೂ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ತಪ್ಪು ತಿಳಿವಳಿಕೆ 5: ಪಾಸ್‌ವರ್ಡನ್ನು ಎಲ್ಲೂ ಬರೆಯಬಾರದು, ಮರೆತರೆ ಕಂಪನಿಯವರು ಕೊಡುತ್ತಾರೆ

ಈ ಎರಡೂ ನಂಬಿಕೆಗಳು ಒಂದೇ ತಲೆಯಲ್ಲಿರುವುದೇ ನಿಜವಾದ ಅಪಾಯ.

ಜಿಮೇಲ್ ಪಾಸ್‌ವರ್ಡ್ ಮರೆತರೆ ಫೋನ್ ನಂಬರ್‌ಗೆ ಒಟಿಪಿ ಬಂದು ಹೊಸದು ಹಾಕಿಕೊಳ್ಳಬಹುದು. ಏಕೆಂದರೆ ಬಾಗಿಲಿನ ಬೀಗ ಕಂಪನಿಯ ಕೈಯಲ್ಲಿದೆ. ರೆಸ್ಟಿಕ್‌ನಂಥ ಉಪಕರಣದಲ್ಲಿ ಬೀಗ ನಿಮ್ಮ ಕೈಯಲ್ಲಿ ಮಾತ್ರ ಇದೆ. ಜಾಗ ಬಾಡಿಗೆ ಕೊಟ್ಟ ಕಂಪನಿಗೆ ಕಾಣುವುದು ಅರ್ಥವಿಲ್ಲದ ಬೈಟ್‌ಗಳ ರಾಶಿ. ಹೊಸ ಉಗ್ರಾಣ ತೆರೆದ ತಕ್ಷಣ ರೆಸ್ಟಿಕ್ ತಾನೇ ಹೇಳುತ್ತದೆ: ಪಾಸ್‌ವರ್ಡ್ ಕಳೆದರೆ ನಿಮ್ಮ ಡೇಟಾ ಮತ್ತೆಂದೂ ಸಿಗುವುದಿಲ್ಲ. 'ಫರ್ಗಾಟ್ ಪಾಸ್‌ವರ್ಡ್' ಎಂಬ ಬಟನ್ ಅಲ್ಲಿಲ್ಲ. ಇದ್ದಿದ್ದರೆ ಕಳ್ಳನೂ ಅದನ್ನೇ ಒತ್ತುತ್ತಿದ್ದ.

ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್‌ನ ಕಥೆ 2021ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 7,002 ಬಿಟ್‌ಕಾಯಿನ್‌ಗಳ ಕೀಲಿ ಇದ್ದ ಎನ್‌ಕ್ರಿಪ್ಟೆಡ್ ಡ್ರೈವ್ ಅವರ ಬಳಿ ಇತ್ತು. ಪಾಸ್‌ವರ್ಡ್ ಬರೆದ ಕಾಗದ ಕಳೆದುಹೋಗಿತ್ತು. ಹತ್ತು ಸಲ ತಪ್ಪಿದರೆ ಡ್ರೈವ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಆಗ ಎಂಟು ಸಲ ತಪ್ಪಾಗಿತ್ತು. ಕಂಪ್ಯೂಟರ್ ಬಲ್ಲವರ ಗತಿಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಕಾಗದದ ಮೇಲೆ ಬರೆಯಿರಿ ಎನ್ನುವುದು ಸಾಲದು, ಎರಡು ಕಾಗದದ ಮೇಲೆ ಬರೆದು ಎರಡು ಜಾಗದಲ್ಲಿಡಿ ಎನ್ನಬೇಕು.

ಹಾಗಾದರೆ "ಬರೆಯಬೇಡಿ" ಎಂಬ ಮಾತು ಎಲ್ಲಿಂದ ಬಂತು? ಆಫೀಸಿನ ಮಾನಿಟರ್ ಮೇಲೆ ಚೀಟಿ ಅಂಟಿಸಬೇಡಿ, ಎಟಿಎಂ ಕಾರ್ಡ್ ಹಿಂದೆ ಪಿನ್ ಬರೆಯಬೇಡಿ ಎಂಬ ಸರಿಯಾದ ಸಲಹೆಯಿಂದ. ಕೀಲಿಯನ್ನು ಬೀಗದ ಪಕ್ಕದಲ್ಲೇ ಇಡಬಾರದು ಎಂಬುದು ಅದರ ಅರ್ಥ. ಮನೆಯ ಕ್ರಯಪತ್ರ ಇಟ್ಟಿರುವ ಬೀರುವಿನಲ್ಲಿ, ಬ್ಯಾಂಕ್ ಲಾಕರ್‌ನಲ್ಲಿ, ಊರಿನಲ್ಲಿರುವ ಅಕ್ಕನ ಮನೆಯಲ್ಲಿ ಮುಚ್ಚಿದ ಲಕೋಟೆಯೊಳಗೆ ಇರುವ ಕಾಗದವನ್ನು ಇಂಟರ್ನೆಟ್‌ನ ಯಾವ ಕಳ್ಳನೂ ಓದಲಾರ.

ರೆಸ್ಟಿಕ್‌ನಲ್ಲಿ ಇನ್ನೂ ಒಳ್ಳೆಯ ಉಪಾಯವಿದೆ. ಫೈಲುಗಳಿಗೆ ಹಾಕುವ ನಿಜವಾದ ಕೀಲಿಯನ್ನು ಅದು ತಾನೇ ಸೃಷ್ಟಿಸಿಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡ್ ತೆರೆಯುವುದು ಆ ಕೀಲಿ ಇರುವ ಸಣ್ಣ ಡಬ್ಬಿಯನ್ನು. ಇಂಥ ಡಬ್ಬಿಗಳು ಎಷ್ಟು ಬೇಕಾದರೂ ಇರಬಹುದು. 'ಕೀ ಆಡ್' ಎಂಬ ಕಮಾಂಡ್ ಕೊಟ್ಟು ನಿಮ್ಮ ಪಾಸ್‌ವರ್ಡ್ ಬೇರೆ, ಹೆಂಡತಿ ಅಥವಾ ಗಂಡನದ್ದು ಬೇರೆ, ಲಕೋಟೆಯಲ್ಲಿಡುವುದು ಬೇರೆ ಎಂದು ಮಾಡಿಕೊಳ್ಳಬಹುದು. ಯಾವುದರಿಂದಲಾದರೂ ಅದೇ ಉಗ್ರಾಣ ತೆರೆಯುತ್ತದೆ.

ಪಾಸ್‌ವರ್ಡ್ ಹೇಗಿರಬೇಕು? ಮಗಳ ಹೆಸರು, ಹುಟ್ಟಿದ ವರ್ಷ ಬೇಡ. ಐದು ಸಲ ದಾಳ ಉರುಳಿಸಿ 7,776 ಪದಗಳ ಪಟ್ಟಿಯಿಂದ ಒಂದು ಪದ ಆರಿಸುವ ಹಳೆಯ ವಿಧಾನವೊಂದಿದೆ. ಹೀಗೆ ಆರು ಪದ ಸಾಲಾಗಿ ಬರೆದರೆ ಆಗಬಹುದಾದ ಜೋಡಣೆಗಳ ಸಂಖ್ಯೆ 24 ಅಂಕಿಯದ್ದು. ಇದರ ಮೇಲೆ ರೆಸ್ಟಿಕ್ ಎಸ್‌ಕ್ರಿಪ್ಟ್ ಎಂಬ ವಿಧಾನ ಬಳಸುತ್ತದೆ. ಟಾರ್‌ಸ್ನ್ಯಾಪ್ ಬ್ಯಾಕಪ್‌ಗಾಗಿಯೇ ಕಾಲಿನ್ ಪರ್ಸಿವಲ್ 2009ರಲ್ಲಿ ರೂಪಿಸಿದ ವಿಧಾನ ಅದು. ಪ್ರತಿ ಊಹೆಗೂ ಬೇಕೆಂದೇ ಸಮಯ, ಮೆಮೊರಿ ಎರಡನ್ನೂ ತಿನ್ನುತ್ತದೆ. ನಿಮಗೆ ಒಂದೆರಡು ಕ್ಷಣ ತಡ, ಕೋಟಿ ಸಲ ಊಹಿಸಲು ಕೂತ ಕಳ್ಳನಿಗೆ ದಿವಾಳಿ.

ಬೀಗ ಏನನ್ನು ಕಾಪಾಡುವುದಿಲ್ಲ?

ಎನ್‌ಕ್ರಿಪ್ಷನ್ ಎಲ್ಲಕ್ಕೂ ಮದ್ದಲ್ಲ. ಕ್ಲೌಡ್ ಕಂಪನಿಗೆ ಒಳಗಿರುವುದು ಕಾಣದಿದ್ದರೂ ಒಟ್ಟು ಎಷ್ಟು ಜಿಬಿ, ಯಾವಾಗ ಕಳಿಸುತ್ತೀರಿ ಎಂಬುದು ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೇ ವೈರಸ್ ಹೊಕ್ಕರೆ ಪಾಸ್‌ವರ್ಡನ್ನು ಟೈಪ್ ಮಾಡುವಾಗಲೇ ಕದಿಯಬಹುದು. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈನಂಥ ಸುಲಿಗೆ ವೈರಸ್‌ಗಳು ಕಂಪ್ಯೂಟರ್‌ಗೆ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕ್‌ನ ಫೈಲುಗಳನ್ನೂ ಕೆಡಿಸುತ್ತವೆ. ಅವು ಬೀಗ ಹಾಕಿದ ಪೆಟ್ಟಿಗೆಗೆ ಇನ್ನೊಂದು ಬೀಗ ಹಾಕಿದರೂ ನಿಮಗೆ ನಷ್ಟವೇ. ಆದ್ದರಿಂದ ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಿತ್ತು ಬೇರೆ ಇಡಿ.

ಇವತ್ತು ಏನು ಮಾಡಬಹುದು?

ಎಲ್ಲರೂ ಕಮಾಂಡ್ ಲೈನ್ ಕಲಿಯಲೇಬೇಕು ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಮಗನೋ ಸೊಸೆಯೋ ಇದ್ದರೆ ಫೋನಿನ ಫೋಟೋಗಳನ್ನು ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಇಳಿಸಿ, ಅಲ್ಲಿಂದ ರೆಸ್ಟಿಕ್‌ನಂಥ ಉಪಕರಣದಲ್ಲಿ ಒಂದು ಡಿಸ್ಕ್‌ಗೂ ಒಂದು ಕ್ಲೌಡ್ ಜಾಗಕ್ಕೂ ಬ್ಯಾಕಪ್ ಹಾಕಿಸಿ. ಅಂಥವರು ಯಾರೂ ಇಲ್ಲದಿದ್ದರೆ, ಬೀಗವಿಲ್ಲದ ಸಾದಾ ಹಾರ್ಡ್ ಡಿಸ್ಕ್‌ಗೆ ಒಂದು ಕಾಪಿ ಹಾಕಿ ಬೀರುವಿನಲ್ಲಿಡಿ. ಏನೂ ಇಲ್ಲದಿರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಬ್ಯಾಂಕ್, ಆಧಾರ್ ಕಾಗದಗಳಿಗೆ ಬೀಗ ಬೇಕು. ಅಜ್ಜಿಯ ಹಾಡಿಗೆ ಬೀಗ ಬೇಕೇ ಎಂದು ಒಮ್ಮೆ ಯೋಚಿಸಿ. ಕದ್ದರೆ ನಷ್ಟವಾಗದ, ಕಳೆದರೆ ಮಾತ್ರ ನಷ್ಟವಾಗುವ ವಸ್ತುಗಳೂ ಇವೆ.

ಯಾವ ದಾರಿ ಹಿಡಿದರೂ ವರ್ಷಕ್ಕೆ ಎರಡು ಸಲ ಒಂದು ಪರೀಕ್ಷೆ ಮಾಡಿ. ಬ್ಯಾಕಪ್‌ನಿಂದ ಯಾವುದಾದರೂ ಒಂದು ಹಳೇ ಫೋಟೋ ಹೊರತೆಗೆದು ತೆರೆದು ನೋಡಿ. ಆ ಕೆಲಸವನ್ನು ನೀವು ಮಾಡಬೇಡಿ, ಮನೆಯ ಇನ್ನೊಬ್ಬರ ಕೈಯಲ್ಲಿ ಲಕೋಟೆ ಕೊಟ್ಟು ಅವರಿಂದ ಮಾಡಿಸಿ. ನೀವಿಲ್ಲದಾಗ ಅದನ್ನು ಮಾಡಬೇಕಾದವರು ಅವರೇ.

ನಮ್ಮ ಬಳಗದವರು ತಂದೆಯ ಆ ಡಿಸ್ಕನ್ನು ಇನ್ನೂ ಎಸೆದಿಲ್ಲ. ಹಳೇ ಡೈರಿಗಳ ಯಾವುದೋ ಪುಟದಲ್ಲಿ ಆರೆಂಟು ಅಕ್ಷರ ಸಿಗಬಹುದೇನೋ ಎಂದು ಆಗಾಗ ಹುಡುಕುತ್ತಾರೆ. "ಅಪ್ಪ ಒಂದು ಚೀಟಿ ಬರೆದಿಟ್ಟಿದ್ದರೆ ಸಾಕಿತ್ತು" ಎನ್ನುತ್ತಾರೆ. ಇದನ್ನು ಓದಿ ಮುಗಿಸಿದವರು ಫಾರ್ವರ್ಡ್ ಮಾಡುವ ಮೊದಲು ಒಂದು ಪೆನ್ನು, ಒಂದು ಕಾಗದ ಹುಡುಕಿಕೊಳ್ಳಿ.